ನೋಟಿಗೆ ನೆನಪಿಲ್ಲ, ಮೊಬೈಲಿಗೆ ಮರೆವಿಲ್ಲ

2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಹಲವು ಬಡಾವಣೆಗಳ ಬೇಕರಿ, ಕಾಂಡಿಮೆಂಟ್ಸ್, ಚಹಾ ಅಂಗಡಿಗಳ ಮುಂದೆ ಒಂದು ಹೊಸ ಫಲಕ ಕಾಣಿಸಿಕೊಂಡಿತು: 'ಯುಪಿಐ ಇಲ್ಲ, ನಗದು ಮಾತ್ರ.' ಮೊಬೈಲ್ ಪಾವತಿಯಲ್ಲಿ ದೇಶಕ್ಕೇ ಮುಂದಿದ್ದ ನಗರವೊಂದು ಹೀಗೆ ಹಿಂದಕ್ಕೆ ಹೆಜ್ಜೆ ಇಟ್ಟದ್ದೇಕೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆಯು 2021-22ರಿಂದ 2024-25ರವರೆಗಿನ ಯುಪಿಐ ವಹಿವಾಟಿನ ಅಂಕಿಅಂಶಗಳನ್ನು ಪಾವತಿ ಸೇವಾ ಸಂಸ್ಥೆಗಳಿಂದ ಪಡೆದುಕೊಂಡಿತು. ಸರಕು ಮಾರುವವರಿಗೆ 40 ಲಕ್ಷ ರೂಪಾಯಿ, ಸೇವೆ ಒದಗಿಸುವವರಿಗೆ 20 ಲಕ್ಷ ರೂಪಾಯಿಗಳ ವಾರ್ಷಿಕ ಮಿತಿ ದಾಟಿಯೂ ಜಿಎಸ್‌ಟಿ ನೋಂದಣಿ ಮಾಡಿಸದಿದ್ದಂತೆ ಕಂಡುಬಂದ ಸಾವಿರಾರು ವ್ಯಾಪಾರಿಗಳಿಗೆ ಅದರ ಆಧಾರದ ಮೇಲೆ ನೋಟಿಸುಗಳು ಹೋದವು. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರ ಕೈಗೂ ಕೆಲವು ನೋಟಿಸುಗಳು ತಲುಪಿದವು. ಪ್ರತಿಭಟನೆ ಜೋರಾಯಿತು, ಬಂದ್ ಕರೆಯೂ ಬಂತು. ಕೊನೆಗೆ ಜುಲೈ 23ರಂದು ಮುಖ್ಯಮಂತ್ರಿಗಳು ವರ್ತಕರ ಪ್ರತಿನಿಧಿಗಳ ಸಭೆ ನಡೆಸಿ, ನೋಂದಣಿ ಮಾಡಿಸಿಕೊಂಡವರಿಂದ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂಬ ಭರವಸೆ ನೀಡಿದ ನಂತರ ವಿವಾದ ತಣ್ಣಗಾಯಿತು.

ವಿವಾದ ತಣ್ಣಗಾದರೂ ಅದು ಎತ್ತಿದ ಪ್ರಶ್ನೆ ಹಾಗೆಯೇ ಉಳಿದಿದೆ. ಅಂದಿನ ಚರ್ಚೆಯೆಲ್ಲ ತೆರಿಗೆಯ ಸುತ್ತಲೇ ನಡೆಯಿತು. ವ್ಯಾಪಾರಿಗಳು ತೆರಿಗೆ ಕಟ್ಟಬೇಕೇ ಬೇಡವೇ, ಇಲಾಖೆ ರಾಜ್ಯದ್ದೋ ಕೇಂದ್ರದ್ದೋ ಎಂಬ ವಾದ ವಿವಾದಗಳಲ್ಲಿ ಮೂಲ ವಿಷಯ ಮರೆಯಾಯಿತು. ಆ ವ್ಯಾಪಾರಿಗಳನ್ನು ಬೆಚ್ಚಿಬೀಳಿಸಿದ್ದು ತೆರಿಗೆಯ ಮೊತ್ತ ಒಂದೇ ಅಲ್ಲ. ನಾಲ್ಕು ವರ್ಷಗಳ ಕಾಲ ತಾವು ಸ್ವೀಕರಿಸಿದ ಹತ್ತು ರೂಪಾಯಿ, ಇಪ್ಪತ್ತು ರೂಪಾಯಿಗಳೆಲ್ಲ ಎಲ್ಲೋ ದಾಖಲಾಗಿದ್ದವು. ಆ ದಾಖಲೆಯನ್ನು ತಮಗೆ ತಿಳಿಸದೆ ಇನ್ನಾರೋ ತೆರೆದು ಓದಿದ್ದರು ಎಂಬ ಅರಿವು ಅವರನ್ನು ಹೆಚ್ಚು ಕಾಡಿತು. ಹಣದ ಸ್ವರೂಪವೇ ಬದಲಾಗಿದೆ ಎಂಬುದನ್ನು ನಮ್ಮ ವಿಶ್ವವಿದ್ಯಾಲಯಗಳಿಗಿಂತ ಮೊದಲು ನಮ್ಮ ಬೀದಿಬದಿಯ ವ್ಯಾಪಾರಿಗಳು ಕಂಡುಕೊಂಡರು ಎನ್ನಬೇಕು.

ಆರಂಭದಲ್ಲೇ ಒಂದು ಮಾತು ಸ್ಪಷ್ಟಪಡಿಸುವುದು ಒಳಿತು. ನಾನು ಡಿಜಿಟಲ್ ಪಾವತಿಯ ವಿರೋಧಿಯಲ್ಲ. ತೆರಿಗೆಯ ವಿರೋಧಿಯಂತೂ ಅಲ್ಲವೇ ಅಲ್ಲ. ಸರ್ಕಾರಿ ಸೇವೆಯಲ್ಲಿ ದಶಕಗಳನ್ನು ಕಳೆದವನಿಗೆ ತೆರಿಗೆಯಿಲ್ಲದೆ ಶಾಲೆ, ಆಸ್ಪತ್ರೆ, ರಸ್ತೆಗಳಿಲ್ಲ ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯ ಸಾಧನೆ ಅಸಾಧಾರಣವಾದುದು. 2025ರ ಆಗಸ್ಟ್ ತಿಂಗಳೊಂದರಲ್ಲೇ ಅದರ ಮೂಲಕ ಮೊದಲ ಬಾರಿಗೆ 2,000 ಕೋಟಿಗೂ ಹೆಚ್ಚು ಪಾವತಿಗಳು ನಡೆದವು. ಅವುಗಳ ಮೊತ್ತ 24 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತ್ತು. ಚಿಲ್ಲರೆಗಾಗಿ ಕಂಡಕ್ಟರ್ ಮತ್ತು ಪ್ರಯಾಣಿಕರ ನಡುವೆ ನಡೆಯುತ್ತಿದ್ದ ನಿತ್ಯದ ಜಗಳ ಬಹುಮಟ್ಟಿಗೆ ನಿಂತಿದೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದ ಹೂವಾಡಗಿತ್ತಿಯ ಖಾತೆಗೂ ದಿನದ ಗಳಿಕೆ ನೇರವಾಗಿ ಬಂದು ಬೀಳುತ್ತಿದೆ. 2023ರ ಆಗಸ್ಟ್‌ನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆಯ ತಿಂಗಳಿಗೆ 2,000 ರೂಪಾಯಿಯನ್ನು ಯಾವ ಮಧ್ಯವರ್ತಿಯ ಕೈಗೂ ಸಿಗದಂತೆ ಗೃಹಿಣಿಯ ಖಾತೆಗೆ ಜಮಾ ಮಾಡಲು ಸಾಧ್ಯವಾದದ್ದೂ ಇಂಥ ತಂತ್ರಜ್ಞಾನದಿಂದಲೇ. ಸವಲತ್ತಿನ ಹಣ ಫಲಾನುಭವಿಯನ್ನು ತಲುಪುವ ವೇಳೆಗೆ ಎಷ್ಟು ಕರಗುತ್ತಿತ್ತು ಎಂಬುದನ್ನು ಬಲ್ಲವರು ಈ ಬದಲಾವಣೆಯನ್ನು ಲಘುವಾಗಿ ಕಾಣಲಾರರು.

ಆದರೆ ಇದೇ ಅವಧಿಯ ಇನ್ನೊಂದು ಅಂಕಿಯತ್ತಲೂ ಗಮನ ಹರಿಸಬೇಕು. 2016ರ ನವೆಂಬರ್ 8ರಂದು ನೋಟು ರದ್ದತಿ ಘೋಷಣೆಯಾಗುವ ಮುನ್ನ ದೇಶದಲ್ಲಿ ಚಲಾವಣೆಯಲ್ಲಿದ್ದ ನಗದು ಸುಮಾರು 17.7 ಲಕ್ಷ ಕೋಟಿ ರೂಪಾಯಿ. 2025ರ ಮಾರ್ಚ್ ಅಂತ್ಯಕ್ಕೆ ಅದು 36 ಲಕ್ಷ ಕೋಟಿ ರೂಪಾಯಿಗಳನ್ನು ದಾಟಿತ್ತು, ಅಂದರೆ ದುಪ್ಪಟ್ಟಿಗೂ ಹೆಚ್ಚು. ಬೆಲೆ ಏರಿಕೆ, ಆರ್ಥಿಕ ಬೆಳವಣಿಗೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ, ಮೊಬೈಲ್ ಪಾವತಿ ಇಷ್ಟು ವ್ಯಾಪಕವಾದ ದೇಶದಲ್ಲಿ ಜನ ನಗದನ್ನು ಬಿಟ್ಟುಕೊಟ್ಟಿಲ್ಲ ಎಂಬುದು ನಿರ್ವಿವಾದ. 'ಅದೆಲ್ಲ ಕಪ್ಪುಹಣ' ಎಂದು ತಳ್ಳಿಹಾಕುವುದು ಸುಲಭ. ಆದರೆ ರದ್ದಾದ 15.41 ಲಕ್ಷ ಕೋಟಿ ರೂಪಾಯಿ ಮೌಲ್ಯದ ನೋಟುಗಳಲ್ಲಿ ಶೇಕಡ 99.3ರಷ್ಟು ಬ್ಯಾಂಕುಗಳಿಗೆ ಮರಳಿ ಬಂದವೆಂದು ರಿಸರ್ವ್ ಬ್ಯಾಂಕಿನ 2017-18ರ ವಾರ್ಷಿಕ ವರದಿಯೇ ಹೇಳಿತು. ಕಪ್ಪುಹಣ ನೋಟುಗಳ ಕಟ್ಟಿನಲ್ಲಿ ಅಡಗಿ ಕುಳಿತಿರುತ್ತದೆ ಎಂಬ ನಂಬಿಕೆ ಅಲ್ಲಿಗೇ ಸಡಿಲವಾಗಬೇಕಿತ್ತು. ಹಾಗಾದರೆ ಮೊಬೈಲಿನಲ್ಲಿಲ್ಲದ ಯಾವ ಗುಣಕ್ಕಾಗಿ ಸಾಮಾನ್ಯ ಜನ ಇನ್ನೂ ನಗದನ್ನು ನೆಚ್ಚಿಕೊಂಡಿದ್ದಾರೆ?

ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಹಣದ ಮೂರು ಕಾರ್ಯಗಳನ್ನು ಉರು ಹೊಡೆಯುತ್ತಾರೆ: ವಿನಿಮಯದ ಮಾಧ್ಯಮ, ಮೌಲ್ಯದ ಮಾಪಕ, ಮೌಲ್ಯದ ಸಂಗ್ರಹ. ಮುಂದೆ ಅಮೆರಿಕದ ಮಿನಿಯಾಪೊಲಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ಅಧ್ಯಕ್ಷರಾದ ನಾರಾಯಣ ಕೊಚೆರ್ಲಕೋಟ ಅವರು 1996ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಇದಕ್ಕೆ ಬೇರೊಂದು ನೋಟವನ್ನು ಒದಗಿಸಿದರು. ಅವರ ಪ್ರಕಾರ ಹಣವೆಂದರೆ ಸಮಾಜದ ಒಂದು ಬಗೆಯ ಸ್ಮರಣೆ. ಯಾರು ಯಾರಿಗೆ ಏನು ಕೊಟ್ಟರು ಎಂಬುದನ್ನೆಲ್ಲ ತಪ್ಪಿಲ್ಲದೆ ನೆನಪಿಡುವ ಮಹಾಲೆಕ್ಕಪುಸ್ತಕವೊಂದು ಇದ್ದಿದ್ದರೆ ಹಣದ ಅಗತ್ಯವೇ ಇರುತ್ತಿರಲಿಲ್ಲ. ಅಂಥ ಪುಸ್ತಕ ಇಲ್ಲದ್ದರಿಂದಲೇ ನಾವು ನೋಟು, ನಾಣ್ಯಗಳ ಮೊರೆ ಹೋದೆವು. ನನ್ನ ಕಿಸೆಯಲ್ಲಿ ನೂರು ರೂಪಾಯಿಯ ನೋಟು ಇದೆಯೆಂದರೆ, ನಾನು ಯಾರಿಗೋ ಏನನ್ನೋ ಕೊಟ್ಟಿದ್ದೇನೆ, ಅದಕ್ಕೆ ಪ್ರತಿಯಾಗಿ ಪಡೆಯುವ ಹಕ್ಕು ನನಗಿದೆ ಎಂದಷ್ಟೇ ಅರ್ಥ. ಯಾರಿಗೆ ಕೊಟ್ಟೆ, ಯಾವಾಗ ಕೊಟ್ಟೆ, ಏಕೆ ಕೊಟ್ಟೆ ಎಂಬುದೊಂದೂ ಅದರ ಮೇಲೆ ಬರೆದಿರುವುದಿಲ್ಲ.

ನಮ್ಮ ಹಳ್ಳಿಗಳಲ್ಲಿ ಬೆಳೆದವರಿಗೆ ಈ ಲೆಕ್ಕಪುಸ್ತಕ ಅಪರಿಚಿತವೇನಲ್ಲ. ಶೆಟ್ಟರ ಅಂಗಡಿಯ ಉದ್ರಿ ಪುಸ್ತಕ ಅದೇ ತಾನೆ? ಯಾರ ಮನೆಗೆ ಎಷ್ಟು ಸೇರು ಅಕ್ಕಿ ಹೋಯಿತು, ಯಾರು ಎರಡು ಹಬ್ಬಗಳ ಬಾಕಿ ಉಳಿಸಿಕೊಂಡಿದ್ದಾರೆ, ಯಾರ ಮನೆಯಲ್ಲಿ ಬೀಡಿಯ ಖರ್ಚು ಹೆಚ್ಚಾಗಿದೆ ಎಂಬುದೆಲ್ಲ ಅದರಲ್ಲಿರುತ್ತಿತ್ತು. ಆ ಪುಸ್ತಕದಿಂದ ಉಪಕಾರವೂ ಆಗುತ್ತಿತ್ತು. ಮಳೆ ಬಾರದ ವರ್ಷ ಅದೇ ಎಷ್ಟೋ ಮನೆಗಳ ಒಲೆ ಉರಿಸಿತು. ಆದರೆ ಅದರ ಒಡೆಯನ ಎದುರು ತಲೆಯೆತ್ತಿ ಮಾತನಾಡುವುದು ಕಷ್ಟವಾಗುತ್ತಿತ್ತು. ಕೂಲಿ ಧಾನ್ಯದ ರೂಪದಿಂದ ನಗದಿನ ರೂಪಕ್ಕೆ ಬದಲಾದಾಗ ಕೂಲಿಕಾರನಿಗೆ ದೊರೆತದ್ದು ಬರಿಯ ಅನುಕೂಲವಲ್ಲ, ತನ್ನ ಗಳಿಕೆಯನ್ನು ತನಗೆ ಬೇಕಾದ ಅಂಗಡಿಯಲ್ಲಿ, ಬೇಕಾದ ವಸ್ತುವಿಗೆ ವೆಚ್ಚ ಮಾಡುವ ಸ್ವಾತಂತ್ರ್ಯ. ಜರ್ಮನಿಯ ಸಮಾಜಶಾಸ್ತ್ರಜ್ಞ ಜಾರ್ಜ್ ಸಿಮ್ಮೆಲ್ 1900ರಲ್ಲಿ ಪ್ರಕಟಿಸಿದ ಹಣದ ತತ್ತ್ವಶಾಸ್ತ್ರ ಕುರಿತ ಗ್ರಂಥದಲ್ಲಿ ಯುರೋಪಿನ ರೈತರ ವಿಷಯದಲ್ಲಿ ಇದೇ ಮಾತನ್ನು ವಿಸ್ತರಿಸಿದ್ದಾನೆ. ಜಮೀನುದಾರನಿಗೆ ಇಂತಿಷ್ಟು ಕೋಳಿ, ಇಂತಿಷ್ಟು ಜೇನು ಕೊಡಬೇಕಾಗಿದ್ದ ರೈತ ಅವನ್ನೇ ಸಾಕಬೇಕಿತ್ತು, ಅದನ್ನೇ ಕೂಡಿಡಬೇಕಿತ್ತು. ಅದೇ ಸಲ್ಲಿಕೆ ಹಣಕ್ಕೆ ಬದಲಾದ ಮೇಲೆ ತನ್ನ ಬದುಕನ್ನು ಹೇಗೆ ನಡೆಸಬೇಕೆಂಬುದು ಅವನ ಕೈಗೆ ಬಂತು. ನಮ್ಮ ಗೃಹಿಣಿಯರು ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ಹಣದ ಮಹತ್ವವೂ ಇದೇ. ಆ ಹಣ ದೊಡ್ಡದಲ್ಲ. ಆದರೆ ಅದಕ್ಕೆ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿರಲಿಲ್ಲ.

ಇಂದು ನಾವು ಮತ್ತೆ ಉದ್ರಿ ಪುಸ್ತಕದ ಕಾಲಕ್ಕೆ ಮರಳಿದ್ದೇವೆ. ಪುಸ್ತಕ ಈಗ ಶೆಟ್ಟರ ಗಲ್ಲಾಪೆಟ್ಟಿಗೆಯ ಮೇಲಿಲ್ಲ. ಬ್ಯಾಂಕು, ಪಾವತಿ ಕಂಪನಿ, ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್‌ಗಳ ಕಂಪ್ಯೂಟರುಗಳಲ್ಲಿದೆ. ಸರ್ಕಾರದ ಇಲಾಖೆಗಳು ಬೇಕೆಂದಾಗ ಅದನ್ನು ತರಿಸಿಕೊಳ್ಳಬಹುದು. ಸ್ಮರಣೆಯ ಮಾಲೀಕತ್ವ ಹೀಗೆ ಕೈಬದಲಾದುದರ ಪರಿಣಾಮ ಏನು ಎಂಬುದಕ್ಕೆ ತೆರಿಗೆ ನೋಟಿಸುಗಳಿಗಿಂತ ಗಂಭೀರವಾದ ಉದಾಹರಣೆಯೊಂದಿದೆ. ಅದನ್ನು ಅರಿಯಲು 18ನೇ ಶತಮಾನದ ಇಂಗ್ಲೆಂಡಿಗೆ ಒಮ್ಮೆ ಹೋಗಿಬರಬೇಕು.

1756ರ ಡಿಸೆಂಬರ್ 11ರ ರಾತ್ರಿ ಅಲ್ಲಿ ಅಂಚೆಯ ದರೋಡೆ ನಡೆಯಿತು. ಲೂಟಿಯಾದ ವಸ್ತುಗಳಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಒಂದು ನೋಟೂ ಇತ್ತು. ಅದು ಕೈಯಿಂದ ಕೈಗೆ ದಾಟಿ ಮಿಲ್ಲರ್ ಎಂಬ ವಸತಿಗೃಹದ ಮಾಲೀಕನಿಗೆ ಬಂತು. ಅವನು ಅದರ ಪೂರ್ಣ ಬೆಲೆ ಕೊಟ್ಟು, ಕಳವಿನ ಸುಳಿವೇ ಇಲ್ಲದೆ, ದಿನನಿತ್ಯದ ವ್ಯವಹಾರದಲ್ಲಿ ಅದನ್ನು ಸ್ವೀಕರಿಸಿದ್ದ. ಹಣಕ್ಕಾಗಿ ಬ್ಯಾಂಕಿಗೆ ಹೋದಾಗ ಅಲ್ಲಿನ ಗುಮಾಸ್ತ ರೇಸ್ ಎಂಬಾತ ನೋಟನ್ನು ತಡೆಹಿಡಿದ. 1758ರಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಮಿಲ್ಲರನ ಪರವಾಗಿ ತೀರ್ಪು ನೀಡಿದರು. ಹಣವು ಚಲಾವಣೆಗೆ ಇಳಿದ ಮೇಲೆ, ಪ್ರಾಮಾಣಿಕವಾಗಿ ಪಡೆದವನ ಕೈಯಿಂದ ಅದನ್ನು ಕಿತ್ತುಕೊಳ್ಳುವಂತಿಲ್ಲ ಎಂಬುದು ಅದರ ಸಾರ. ಈ ತೀರ್ಪಿನ ಹಿಂದೆ ದೊಡ್ಡ ವ್ಯಾವಹಾರಿಕ ವಿವೇಕವಿದೆ. ಪ್ರತಿಯೊಂದು ನೋಟಿನ ಪೂರ್ವಾಪರ ವಿಚಾರಿಸಿಯೇ ಸ್ವೀಕರಿಸಬೇಕೆಂದರೆ ಸಂತೆ ನಡೆಯುವುದು ಹೇಗೆ? ಕಳ್ಳನನ್ನು ಹಿಡಿಯುವುದು ಪೊಲೀಸರ ಕೆಲಸ. ಆ ಕೆಲಸದ ಭಾರವನ್ನು ಅಂಗಡಿಯವನ ಮೇಲೆ ಹೇರಬಾರದು.

ಈಗ ನಮ್ಮ ಕಾಲಕ್ಕೆ ಬನ್ನಿ. ಸೈಬರ್ ವಂಚಕನೊಬ್ಬ ಯಾರದೋ ಖಾತೆಯಿಂದ ಲಕ್ಷಗಟ್ಟಲೆ ಹಣ ದೋಚುತ್ತಾನೆ. ಆ ಹಣ ಹತ್ತಾರು ಖಾತೆಗಳಿಗೆ ಹರಿದು, ಅದರಲ್ಲಿ ಕೆಲವು ನೂರು ರೂಪಾಯಿ ಒಂದು ಹೋಟೆಲಿನ ಬಿಲ್ಲಿಗೋ, ಮೊಬೈಲ್ ರಿಪೇರಿ ಅಂಗಡಿಗೋ ಸಂದಾಯವಾಗುತ್ತದೆ. ಎಲ್ಲೋ ದೂರದ ರಾಜ್ಯದಲ್ಲಿ ದೂರು ದಾಖಲಾಗುತ್ತದೆ. ಹಣ ಹರಿದ ಜಾಡೆಲ್ಲ ಕಂಪ್ಯೂಟರಿನಲ್ಲಿ ಇರುವುದರಿಂದ ಪೊಲೀಸರ ಕೋರಿಕೆಯಂತೆ ಆ ಅಂಗಡಿಯವನ ಖಾತೆಯೂ ಸ್ಥಗಿತಗೊಳ್ಳುತ್ತದೆ. ವಿವಾದಿತ ಮೊತ್ತ ಐದುನೂರು. ಸ್ಥಗಿತವಾದದ್ದು ಅವನ ಸಂಪೂರ್ಣ ದುಡಿಮೆ, ಸಾಲದ ಕಂತು, ಮಕ್ಕಳ ಶುಲ್ಕ. ಇದು ಕಲ್ಪನೆಯಲ್ಲ. ಕೇರಳದಲ್ಲಿ ಹೀಗೆ ಖಾತೆ ಕಳೆದುಕೊಂಡವರು ಉಚ್ಚ ನ್ಯಾಯಾಲಯದ ಮೊರೆ ಹೋದರು. ವಿವಾದಿತ ಮೊತ್ತವನ್ನು ಮಾತ್ರ ತಡೆಹಿಡಿಯಬೇಕೇ ಹೊರತು ಇಡೀ ಖಾತೆಯನ್ನಲ್ಲ ಎಂದು ಆ ನ್ಯಾಯಾಲಯ 2023ರಲ್ಲಿ ಹೇಳಬೇಕಾಯಿತು. 1758ರಲ್ಲಿ ವಸತಿಗೃಹದ ಮಾಲೀಕನಿಗೆ ದೊರೆತ ರಕ್ಷಣೆ 2023ರಲ್ಲಿ ಬೇಕರಿಯವನಿಗೆ ತಾನಾಗಿ ದೊರೆಯಲಿಲ್ಲ ಎಂದಾಯಿತು.

ಸೈಬರ್ ವಂಚನೆಯ ಪಿಡುಗು ಸಣ್ಣದಲ್ಲ ಎಂಬುದನ್ನು ಒಪ್ಪಲೇಬೇಕು. 2024ರಲ್ಲಿ ದೇಶದ ಜನ ಇದರಿಂದ ಕಳೆದುಕೊಂಡ ಮೊತ್ತ 22 ಸಾವಿರ ಕೋಟಿ ರೂಪಾಯಿಗಳಿಗೂ ಹೆಚ್ಚೆಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. 'ಡಿಜಿಟಲ್ ಅರೆಸ್ಟ್' ಎಂಬ ಹೆಸರಿನಲ್ಲಿ ಜೀವಮಾನದ ಉಳಿತಾಯ ಕಳೆದುಕೊಂಡವರಲ್ಲಿ ನನ್ನಂಥ ನಿವೃತ್ತರೂ ಇದ್ದಾರೆ. ವಂಚಕರ ಜಾಡು ಹಿಡಿಯಲು ದಾಖಲೆ ಬೇಕು, ವೇಗವೂ ಬೇಕು. 1930 ಸಹಾಯವಾಣಿಗೆ ಕರೆ ಬಂದ ಕೂಡಲೇ ಹಣ ತಡೆಹಿಡಿಯುವ ವ್ಯವಸ್ಥೆ ಇರಲೇಬೇಕು. ಆದರೆ ತಡೆಹಿಡಿಯುವುದಕ್ಕೂ ಉಸಿರುಗಟ್ಟಿಸುವುದಕ್ಕೂ ವ್ಯತ್ಯಾಸವಿದೆ. ಖಾತೆಯೇ ಜೀವನಾಡಿಯಾದ ಕಾಲದಲ್ಲಿ ಅದನ್ನು ವಿಚಾರಣೆಯಿಲ್ಲದೆ ಮುಚ್ಚುವುದು ಅಂಗಡಿಗೆ ಬೀಗ ಜಡಿದಂತೆಯೇ ಸರಿ. ಇಂಥ ಅಧಿಕಾರ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಕೆನಡಾದಂಥ ಹಳೆಯ ಪ್ರಜಾಪ್ರಭುತ್ವದಲ್ಲೂ ನೋಡಿದ್ದೇವೆ. 2022ರ ಫೆಬ್ರುವರಿಯಲ್ಲಿ ಟ್ರಕ್ ಚಾಲಕರ ಮುಷ್ಕರವನ್ನು ಮುರಿಯಲು ಅಲ್ಲಿನ ಸರ್ಕಾರ ತುರ್ತು ಕಾಯ್ದೆ ಪ್ರಯೋಗಿಸಿ, 200ಕ್ಕೂ ಹೆಚ್ಚು ಖಾತೆಗಳನ್ನು ನ್ಯಾಯಾಲಯದ ಆದೇಶವಿಲ್ಲದೆ ಸ್ಥಗಿತಗೊಳಿಸಿತು. ಆ ಕ್ರಮ ಸಮರ್ಥನೀಯವಲ್ಲವೆಂದು ಅಲ್ಲಿನ ಫೆಡರಲ್ ನ್ಯಾಯಾಲಯ 2024ರ ಜನವರಿಯಲ್ಲಿ ತೀರ್ಪಿತ್ತಿತು. ಆದರೆ ಅಷ್ಟರಲ್ಲಿ ಎರಡು ವರ್ಷಗಳು ಕಳೆದಿದ್ದವು. ಮುಷ್ಕರ ನಿರತರ ಬೇಡಿಕೆ ಸರಿಯೋ ತಪ್ಪೋ ಎಂಬುದು ಇಲ್ಲಿ ಅಪ್ರಸ್ತುತ.

ನಮ್ಮ ನ್ಯಾಯಾಂಗ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ ಎಂಬುದು ಸಮಾಧಾನದ ಸಂಗತಿ. ಬ್ಯಾಂಕಿಗೆ ಒಪ್ಪಿಸಿದ ದಾಖಲೆಗಳ ಮೇಲೆ ಗ್ರಾಹಕನಿಗೆ ಖಾಸಗಿತನದ ಹಕ್ಕಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1976ರಲ್ಲಿ ಹೇಳಿತ್ತು. ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ಕಕ್ಷಿದಾರನಾಗಿದ್ದ ಪ್ರಕರಣವೊಂದರಲ್ಲಿ ನಮ್ಮ ಸುಪ್ರೀಂ ಕೋರ್ಟ್ 2004ರಲ್ಲಿ ಆ ದಾರಿಯನ್ನು ತುಳಿಯಲಿಲ್ಲ. ದಾಖಲೆ ಬ್ಯಾಂಕಿನ ವಶದಲ್ಲಿದ್ದ ಮಾತ್ರಕ್ಕೆ ಅದರ ಗೋಪ್ಯತೆ ಅಳಿದುಹೋಗುವುದಿಲ್ಲ; ಖಾಸಗಿತನ ವ್ಯಕ್ತಿಗೆ ಸೇರಿದ್ದೇ ಹೊರತು ಸ್ಥಳಕ್ಕಲ್ಲ ಎಂದು ಅದು ಹೇಳಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವಾನುಮತದಿಂದ ಸಾರಿತು. ಆ ಹಕ್ಕಿಗೆ ಕೈಹಾಕಬೇಕಾದರೆ ಕಾನೂನಿನ ಬಲವಿರಬೇಕು, ನ್ಯಾಯಯುತ ಉದ್ದೇಶವಿರಬೇಕು, ಮತ್ತು ಕ್ರಮವು ಉದ್ದೇಶಕ್ಕೆ ತಕ್ಕ ಪ್ರಮಾಣದಲ್ಲಿರಬೇಕು. ಆದರೆ ಆ ತೀರ್ಪಿನ ಫಲವಾಗಿ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಖಾಸಗಿ ಕಂಪನಿಗಳಿಗೆ ಕಟ್ಟುಪಾಡು ವಿಧಿಸಿ, ಸರ್ಕಾರಿ ಅಂಗಸಂಸ್ಥೆಗಳಿಗೆ ವಿನಾಯಿತಿ ನೀಡುವ ವಿಶಾಲ ಅಧಿಕಾರವನ್ನು ಕೇಂದ್ರದ ಕೈಯಲ್ಲೇ ಇರಿಸಿತು. ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟಂತಾಯಿತು.

ಇನ್ನು ಅಂಕಿಅಂಶಗಳನ್ನು ಓದುವ ಬಗೆ. ಆಡಳಿತದಲ್ಲಿದ್ದವರಿಗೆ ಗೊತ್ತಿರುವಂತೆ ಅಂಕಿ ಬೇರೆ, ತಿಳಿವಳಿಕೆ ಬೇರೆ. ಸಣ್ಣ ವ್ಯಾಪಾರಿಯ ಖಾತೆಗೆ ಬಂದ ಹಣವೆಲ್ಲ ವ್ಯಾಪಾರದ ಹಣವಲ್ಲ. ಭಾವಮೈದುನ ಹಿಂದಿರುಗಿಸಿದ ಕೈಗಡ, ಚೀಟಿ ಎತ್ತಿದ ಮೊತ್ತ, ಪಕ್ಕದ ಅಂಗಡಿಯವನಿಗೆ ನಗದು ಕೊಟ್ಟು ಪಡೆದ ಯುಪಿಐ, ಮಗಳ ಮದುವೆಗೆ ಬಂದ ಮುಯ್ಯಿ ಇವೆಲ್ಲವೂ ಅದೇ ಖಾತೆಯಲ್ಲಿ ಬೆರೆತಿರುತ್ತವೆ. ಕಂಪ್ಯೂಟರ್ ಕೂಡಿಸುವುದನ್ನು ಬಲ್ಲದು, ಬೇರ್ಪಡಿಸುವುದನ್ನು ಅಲ್ಲ. ಹಿಂದೆ ತನಿಖಾಧಿಕಾರಿ ಅಂಗಡಿಗೆ ಬಂದು, ಸರಕು ನೋಡಿ, ಮಾಲೀಕನನ್ನು ಮಾತನಾಡಿಸಿ ಒಂದು ಅಂದಾಜಿಗೆ ಬರುತ್ತಿದ್ದ. ಆ ಪದ್ಧತಿಯಲ್ಲಿ ಲಂಚಕ್ಕೆ ಅವಕಾಶವಿತ್ತೆಂಬುದು ನಿಜ. ಆದರೆ ಕಂಪ್ಯೂಟರಿನ ಪಟ್ಟಿಯಿಂದ ಹೊರಟ ನೋಟಿಸಿನಲ್ಲಿ ಆರೋಪ ಸುಳ್ಳೆಂದು ಸಾಬೀತುಪಡಿಸುವ ಹೊರೆ ಅಂಗಡಿಯವನ ಮೇಲೆಯೇ ಬೀಳುತ್ತದೆ. ನಾಲ್ಕು ವರ್ಷಗಳ ಹಿಂದಿನ ಮಂಗಳವಾರ ಬಂದ ಮೂರು ಸಾವಿರ ರೂಪಾಯಿ ಯಾವುದೆಂದು ನೆನಪಿಟ್ಟುಕೊಳ್ಳಲು ಅವನೇನು ಕಂಪ್ಯೂಟರೇ?

ನೆನಪಿನ ಸಮಸ್ಯೆ ಒಂದಾದರೆ, ಕೆಟ್ಟು ನಿಲ್ಲುವ ಸಮಸ್ಯೆ ಇನ್ನೊಂದು. ಎಂಥ ಜಾಣ ಯಂತ್ರವೂ ಒಮ್ಮೊಮ್ಮೆ ಕೈಕೊಡುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳುಹಿಸಿದ ದೋಷಪೂರಿತ ತಂತ್ರಾಂಶ ಪರಿಷ್ಕರಣೆಯೊಂದರಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳು ನಿಂತುಹೋದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಅದಾದ ಕೆಲವೇ ದಿನಗಳಲ್ಲಿ, ಸಣ್ಣ ಬ್ಯಾಂಕುಗಳಿಗೆ ತಂತ್ರಾಂಶ ಒದಗಿಸುವ ಸಂಸ್ಥೆಯೊಂದರ ಮೇಲೆ ಸೈಬರ್ ದಾಳಿ ನಡೆದು, ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳನ್ನು ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಲಾಯಿತು. 2025ರ ಮಾರ್ಚ್ 26 ಮತ್ತು ಏಪ್ರಿಲ್ 12ರಂದು ಯುಪಿಐ ವ್ಯವಸ್ಥೆಯೇ ಕೆಲವು ಗಂಟೆಗಳ ಕಾಲ ಮುಗ್ಗರಿಸಿತು. ಹೋಟೆಲಿನಲ್ಲಿ ಊಟ ಮುಗಿಸಿ, ಕಿಸೆಯಲ್ಲಿ ನೋಟಿಲ್ಲದೆ ಗಲ್ಲಾದ ಮುಂದೆ ಕಕ್ಕಾಬಿಕ್ಕಿಯಾಗಿ ನಿಂತವರನ್ನು ಅಂದು ನಾನೂ ನೋಡಿದ್ದೇನೆ. ಅದೇ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್‌ಗಳಲ್ಲಿ ವಿದ್ಯುತ್ ಕಡಿತವಾದಾಗ ಕಾರ್ಡುಗಳೆಲ್ಲ ನಿರುಪಯುಕ್ತವಾಗಿ, ನಗದು ಇದ್ದವರಷ್ಟೇ ಬ್ರೆಡ್ಡು, ನೀರು ಕೊಂಡುಕೊಂಡರು.

ಖಾಸಗಿ ವ್ಯಾಲೆಟ್ಟುಗಳದು ಬೇರೆ ಕಥೆ. ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿವರೆಗಿನ ವಿಮೆಯ ಬೆಂಬಲವಿದೆ. ಸಾಮಾನ್ಯ ವ್ಯಾಲೆಟ್ಟಿನಲ್ಲಿ ತುಂಬಿಟ್ಟ ಹಣಕ್ಕೆ ಆ ರಕ್ಷಣೆ ಇಲ್ಲ. ನಿಯಮಪಾಲನೆಯ ಲೋಪಗಳಿಗಾಗಿ ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ 2024ರ ಜನವರಿ 31ರಂದು ನಿರ್ಬಂಧ ವಿಧಿಸಿದಾಗ, ಆ ವರ್ಷದ ಮಾರ್ಚ್ 15ರ ನಂತರ ಅಲ್ಲಿನ ಖಾತೆ, ವ್ಯಾಲೆಟ್ಟುಗಳಿಗೆ ಹೊಸದಾಗಿ ಹಣ ತುಂಬುವುದು ನಿಂತಿತು. ನಿಯಂತ್ರಕರ ಕ್ರಮ ಅಗತ್ಯವಾಗಿದ್ದಿರಬಹುದು. ಆದರೆ ಲಕ್ಷಾಂತರ ಗ್ರಾಹಕರು ಒಂದೇ ಆದೇಶದಿಂದ ಬೇರೆ ದಾರಿ ಹುಡುಕಬೇಕಾಯಿತು. ಯುಪಿಐ ಪಾವತಿಗಳಲ್ಲಿ ಐದರಲ್ಲಿ ನಾಲ್ಕರಷ್ಟು ಎರಡೇ ಆ್ಯಪ್‌ಗಳ ಮೂಲಕ ಹರಿಯುತ್ತಿದ್ದುದನ್ನು ಕಂಡು, ಯಾವ ಆ್ಯಪ್‌ನ ಪಾಲೂ ಶೇಕಡ 30 ಮೀರಬಾರದೆಂದು 2020ರಲ್ಲೇ ಮಿತಿ ಗೊತ್ತುಪಡಿಸಲಾಯಿತು. ಅದರ ಗಡುವು ಮುಂದಕ್ಕೆ ಹೋಗುತ್ತ ಹೋಗುತ್ತ 2026ರ ಡಿಸೆಂಬರ್ 31ಕ್ಕೆ ಬಂದು ನಿಂತಿತು.

ನಗದು ರಹಿತ ಸಮಾಜದತ್ತ ನಮಗಿಂತ ಮೊದಲು ಓಡಿದವರು ಏನು ಮಾಡುತ್ತಿದ್ದಾರೆ ನೋಡಿ. ನೋಟನ್ನೇ ಮರೆತಿದ್ದ ಸ್ವೀಡನ್ 2024ರ ನವೆಂಬರ್‌ನಲ್ಲಿ ಮನೆಮನೆಗೂ ಹಂಚಿದ ಬಿಕ್ಕಟ್ಟು ಮತ್ತು ಯುದ್ಧ ಕಾಲದ ಕೈಪಿಡಿಯಲ್ಲಿ ಕೈಯಲ್ಲಿ ನಗದು ಇಟ್ಟುಕೊಳ್ಳಿರೆಂದು ಸಲಹೆ ನೀಡಿತು. ನಾರ್ವೆಯಲ್ಲಿ ಅಂಗಡಿಗಳಲ್ಲಿ ನಗದು ಪಾವತಿಸುವ ಗ್ರಾಹಕರ ಹಕ್ಕನ್ನು ಬಲಪಡಿಸುವ ಕಾನೂನು 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ನಮ್ಮಲ್ಲಿ ಮಾತ್ರ ಸರ್ಕಾರವೇ ನಗದಿಗೆ ದಂಡ ಹಾಕುವ ರೂಢಿ ಬೆಳೆದಿದೆ. 2021ರ ಫೆಬ್ರುವರಿಯಿಂದ ಹೆದ್ದಾರಿಯ ಟೋಲ್ ಗೇಟಿನಲ್ಲಿ ಫಾಸ್ಟ್ಯಾಗ್ ಇಲ್ಲದವರು ದುಪ್ಪಟ್ಟು ಶುಲ್ಕ ತೆರಬೇಕಾಯಿತು. 2025ರ ನವೆಂಬರ್‌ನಲ್ಲಿ ನಿಯಮ ಸಡಿಲಿಸಿದಾಗಲೂ, ಯುಪಿಐ ಮೂಲಕ ಕೊಡುವವರಿಗೆ ಒಂದೂಕಾಲು ಪಟ್ಟು, ನಗದು ಕೊಡುವವರಿಗೆ ಎರಡು ಪಟ್ಟು ಎಂದಾಯಿತು. ರಿಸರ್ವ್ ಬ್ಯಾಂಕಿನ ಕಾಯ್ದೆಯೇ ಕಾನೂನುಬದ್ಧ ಹಣವೆಂದು ಸಾರಿದ ನೋಟನ್ನು ಸರ್ಕಾರದ ರಸ್ತೆಯಲ್ಲೇ ಅರ್ಧ ಬೆಲೆಗೆ ಇಳಿಸುವುದು ವಿಚಿತ್ರವಲ್ಲವೇ?

ಡಿಜಿಟಲ್ ಹಣವೆಂದರೆ ಎಲ್ಲವನ್ನೂ ನೆನಪಿಡಲೇಬೇಕೆಂಬ ತಾಂತ್ರಿಕ ಅನಿವಾರ್ಯತೆ ಏನೂ ಇಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಅಮೆರಿಕದ ಗಣಕ ವಿಜ್ಞಾನಿ ಡೇವಿಡ್ ಚಾಮ್ 1980ರ ದಶಕದ ಆರಂಭದಲ್ಲೇ ಇದಕ್ಕೆ ದಾರಿ ತೋರಿಸಿದ್ದರು. ಬ್ಯಾಂಕು ಹಣದ ಅಸಲಿತನವನ್ನು ಖಚಿತಪಡಿಸುತ್ತದೆ. ಆದರೆ ಅದನ್ನು ಯಾರು ಎಲ್ಲಿ ಖರ್ಚು ಮಾಡಿದರೆಂಬುದು ಬ್ಯಾಂಕಿಗೂ ತಿಳಿಯುವುದಿಲ್ಲ. ಮುಚ್ಚಿದ ಲಕೋಟೆಯ ಮೇಲೆ ಮುದ್ರೆ ಒತ್ತಿದರೆ ಒಳಗಿನ ಇಂಗಾಲದ ಹಾಳೆಯ ಮೂಲಕ ಅದು ಪತ್ರದ ಮೇಲೂ ಮೂಡುವಂತಹ ಉಪಾಯ ಅದು. ಅವರ ಕಂಪನಿ ವ್ಯಾಪಾರದಲ್ಲಿ ಸೋತು 1998ರಲ್ಲಿ ದಿವಾಳಿಯಾಯಿತು. ಗಣಿತ ಮಾತ್ರ ಸೋಲಲಿಲ್ಲ. 2022ರ ಡಿಸೆಂಬರ್ 1ರಂದು ಬೆಂಗಳೂರು ಸೇರಿದಂತೆ ನಾಲ್ಕು ನಗರಗಳಲ್ಲಿ ಪ್ರಾಯೋಗಿಕವಾಗಿ ಜನಬಳಕೆಗೆ ಬಂದ ಡಿಜಿಟಲ್ ರೂಪಾಯಿಯ ಪರಿಕಲ್ಪನಾ ಪತ್ರದಲ್ಲಿ ರಿಸರ್ವ್ ಬ್ಯಾಂಕ್ ಕೂಡ ಸಣ್ಣ ಮೊತ್ತಗಳಿಗೆ ಅನಾಮಿಕತೆಯ ಮಾತನ್ನಾಡಿತ್ತು. ಆದರೆ ಅದೇ ರೂಪಾಯಿಯನ್ನು ನಿಗದಿತ ಉದ್ದೇಶಕ್ಕೆ ಮಾತ್ರ ಖರ್ಚಾಗುವಂತೆ ಕಟ್ಟುವ ಯೋಜನೆಯನ್ನೂ ಅದು 2024ರ ಫೆಬ್ರುವರಿಯಲ್ಲಿ ಪ್ರಕಟಿಸಿತು. ಗೊಬ್ಬರದ ಸಹಾಯಧನ ಗೊಬ್ಬರಕ್ಕೇ ಸಲ್ಲಲಿ ಎಂಬ ಆಶಯ ಒಳ್ಳೆಯದೇ. ಆದರೆ ಇದೇ ತರ್ಕವನ್ನು ಕೂಲಿಗೆ, ಪಿಂಚಣಿಗೆ ವಿಸ್ತರಿಸಿದ ದಿನ ನಾವು ಧಾನ್ಯದ ಕೂಲಿಯ ಕಾಲಕ್ಕೆ ಮರಳಿರುತ್ತೇವೆ.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದಾಗಿ, ಪ್ರಾಮಾಣಿಕವಾಗಿ ಹಣ ಸ್ವೀಕರಿಸಿದವನ ರಕ್ಷಣೆ ಸಂಸತ್ತು ಅಂಗೀಕರಿಸಿದ ಕಾನೂನಿನಲ್ಲೇ ಇರಬೇಕು. ವಿವಾದಿತ ಮೊತ್ತವನ್ನಷ್ಟೇ ತಡೆಹಿಡಿಯಬೇಕು. ಕಾರಣವನ್ನು ಬರಹದಲ್ಲಿ, ಖಾತೆದಾರನ ಭಾಷೆಯಲ್ಲಿ ತಿಳಿಸಬೇಕು. ಗೊತ್ತುಪಡಿಸಿದ ದಿನಗಳೊಳಗೆ ನ್ಯಾಯಾಧೀಶರ ಅನುಮತಿ ದೊರೆಯದಿದ್ದರೆ ತಡೆ ತಾನಾಗಿಯೇ ರದ್ದಾಗಬೇಕು. ಇದನ್ನು ಇಲಾಖೆಗಳು ಆಗಾಗ ಹೊರಡಿಸುವ ಸುತ್ತೋಲೆಗಳಿಗೆ ಬಿಡಬಾರದು. ಸುತ್ತೋಲೆಗಳ ಆಯುಷ್ಯ ಎಷ್ಟೆಂಬುದು ಅವುಗಳನ್ನು ಬರೆದವರಿಗೇ ಚೆನ್ನಾಗಿ ಗೊತ್ತು. ಎರಡನೆಯದಾಗಿ, ಪಾವತಿಯ ದಾಖಲೆ ಕೇಳುವ ಯಾವುದೇ ಇಲಾಖೆ ಉದ್ದೇಶ, ಅವಧಿ, ಜವಾಬ್ದಾರ ಅಧಿಕಾರಿಯ ಹೆಸರುಗಳನ್ನು ದಾಖಲಿಸಬೇಕು. ಕೆಲಸ ಮುಗಿದ ಮೇಲೆ ಪ್ರತಿಯನ್ನು ಅಳಿಸಬೇಕು. ವರ್ಷಕ್ಕೊಮ್ಮೆ ಅದರ ಲೆಕ್ಕ ಶಾಸನಸಭೆಯ ಮುಂದೆ ಬರಬೇಕು. ಸಣ್ಣ ವ್ಯಾಪಾರಿಗೆ ಮೊದಲು ತಿಳಿವಳಿಕೆ, ನಂತರ ನೋಂದಣಿ, ಕೊನೆಗೆ ನೋಟಿಸ್ ಎಂಬ ಕ್ರಮವಿರಬೇಕು. ವಾರ್ಷಿಕ 1.5 ಕೋಟಿ ರೂಪಾಯಿವರೆಗಿನ ವ್ಯಾಪಾರಿಗಳಿಗೆ ಶೇಕಡ 1ರ ರಾಜಿ ತೆರಿಗೆಯ ಸೌಲಭ್ಯವಿದ್ದದ್ದು ಎಷ್ಟು ಬೇಕರಿಗಳಿಗೆ 2025ರ ಜುಲೈಗೆ ಮುನ್ನ ತಿಳಿದಿತ್ತು?

ಮೂರನೆಯದಾಗಿ, ಸರ್ಕಾರಿ ಕಚೇರಿ, ಆಸ್ಪತ್ರೆ, ಬಸ್ಸು, ಟೋಲ್‌ಗಳಲ್ಲಿ ನಗದು ಸ್ವೀಕಾರ ಕಡ್ಡಾಯವಾಗಬೇಕು ಮತ್ತು ಅದಕ್ಕೆ ದಂಡ ಇರಬಾರದು. ಇದು ಹಳಬರ ಹಟವಲ್ಲ. ಜಾಲ ಕೈಕೊಟ್ಟ ದಿನ ಊರು ನಡೆಯಲು ಬೇಕಾದ ಸಿದ್ಧತೆ. ನಾಲ್ಕನೆಯದಾಗಿ, ಕೆಲವು ನೂರು ರೂಪಾಯಿಗಳವರೆಗಿನ ಪಾವತಿಗಳಿಗಾದರೂ ಜಾಲವಿಲ್ಲದೆ ನಡೆಯುವ, ಜಾಡು ಉಳಿಸದ ಡಿಜಿಟಲ್ ರೂಪಾಯಿಯನ್ನು ರಿಸರ್ವ್ ಬ್ಯಾಂಕ್ ಕಾನೂನಿನ ಖಾತರಿಯೊಂದಿಗೆ ಒದಗಿಸಬೇಕು. ದೊಡ್ಡ ಮೊತ್ತಗಳಿಗೆ ದಾಖಲೆ ಇರಲಿ. ಎಳನೀರಿಗೂ ಮಲ್ಲಿಗೆಗೂ ಬೇಡ.

ಇವು ಯಾವುವೂ ಅಸಾಧ್ಯವಾದ ಬೇಡಿಕೆಗಳಲ್ಲ. ಖಾಸಗಿತನದ ಹಕ್ಕನ್ನು ದೇಶಕ್ಕೆ ದೊರಕಿಸಿಕೊಟ್ಟ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. 2012ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದಾಗ ಅವರಿಗೆ 86 ವರ್ಷ. 2024ರ ಅಕ್ಟೋಬರ್‌ನಲ್ಲಿ, 98ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಅವರ ಹೆಸರಿನ ತೀರ್ಪು ಕಾನೂನು ಕಾಲೇಜುಗಳ ಪಾಠವಾಗಿತ್ತು. ಆ ತೀರ್ಪನ್ನು ನೋಟಿಸು ಹಿಡಿದು ನಿಂತ ಚಹಾ ಅಂಗಡಿಯವನವರೆಗೆ ತಲುಪಿಸುವ ಕೆಲಸ ಬಾಕಿ ಇದೆ. ಮೊಬೈಲ್ ಪಾವತಿಯಲ್ಲಿ ದೇಶಕ್ಕೆ ದಾರಿ ತೋರಿದ ಬೆಂಗಳೂರು ಈ ಕೆಲಸದಲ್ಲೂ ಮೊದಲಾಗಲಿ. ರಾಜ್ಯದ ಇಲಾಖೆಗಳು ಪಾವತಿ ದಾಖಲೆಗಳನ್ನು ಬಳಸುವ ಬಗ್ಗೆ ನಮ್ಮ ವಿಧಾನಮಂಡಲವೇ ಒಂದು ನಿಯಮಾವಳಿ ರೂಪಿಸಲು ದೆಹಲಿಯ ಅಪ್ಪಣೆಗಾಗಿ ಕಾಯಬೇಕಾಗಿಲ್ಲ.